ಕೊರ್ಡೊಬಾಕ್ಕೆ ನಾನು ಅಡ್ಡ ನಿಂತದ್ದು

ಈ ಸಲ ಒಂದು ಕಟ್ಟೂ ಇಲ್ಲ, ಒಂದು ಭರಣಿಯೂ ಇಲ್ಲ! ಕೈಬೀಸಿಕೊಂಡು ಹೋಗುವುದು, ಕೈಬೀಸಿಕೊಂಡು ಬರುವುದು!

ಹೀಗೆಂದು ನಾನು ದೋಹದ ಅಲ್ ಮುಂತಜಾದಲ್ಲಿರುವ ನಮ್ಮ ಬಿಲ್ಡಿಂಗಿನ ಲಿಫ್ಟಿನೊಳಗೆ ನಿಂತು ಘೋಷಣೆ ಮಾಡಿದೆ. ಲಿಫ್ಟಿನಲ್ಲೇ ಯಾಕೆಂದರೆ, ಅಲ್ಲಿ ಹೇಳಿದ ಮಾತು ಸಂಜೆಯೊಳಗೆ ಎಲ್ಲ ಮಾಳಿಗೆಗೂ ತಾನಾಗಿಯೇ ತಲುಪುತ್ತದೆ, ಬಟನ್ ಒತ್ತುವ ಕೆಲಸವೂ ಇಲ್ಲ.

ಘೋಷಣೆಗೆ ಕಾರಣ ಉಂಟು. ಗಲ್ಫಿನಲ್ಲಿರುವ ನಮ್ಮ ಕಡೆಯವರು ವಿಮಾನ ಹತ್ತುವುದೆಂದರೆ ಸಂತೆಯೇ ಎದ್ದು ಹೊರಟ ಹಾಗೆ. ಹೋಗುವಾಗ ಹಾಲಿನ ಪುಡಿ, ಖರ್ಜೂರ, ಸೆಂಟು, ಕಂಬಳಿ. ಬರುವಾಗ ಕುಚ್ಚಲಕ್ಕಿ, ಹಪ್ಪಳ, ಒಣಮೀನು, ಉಪ್ಪಿನಕಾಯಿ. ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿಯುವುದರಲ್ಲಿ ನಾನು ಹೆಸರು ಮಾಡಿದವಳು. ನಾನು ಕಟ್ಟಿದ ಪೆಟ್ಟಿಗೆ ಬಿಚ್ಚಲು ಊರಿನಲ್ಲಿ ಮರ ಕಡಿಯುವವರನ್ನು ಕರೆಸಿದ್ದುಂಟು. ಆದರೆ ಈ ಸಲ ಹೊರಟದ್ದು ಊರಿಗಲ್ಲ. ಸ್ಪೇನ್ ದೇಶಕ್ಕೆ! ಕೊರ್ಡೊಬಾ ಎಂಬ ಪಟ್ಟಣಕ್ಕೆ! ಅದೂ ಸುಮ್ಮನೆ ನೋಡಿ ಬರಲಿಕ್ಕೆ! ಸುಮ್ಮನೆ ನೋಡಿ ಬರಲಿಕ್ಕೆ ಅಂತ ಮನುಷ್ಯರು ವಿಮಾನ ಹತ್ತುತ್ತಾರೆ ಎಂಬುದೇ ನಮ್ಮ ಬಿಲ್ಡಿಂಗಿಗೆ ಹೊಸ ಸುದ್ದಿ.

ನಮ್ಮ ಯಜಮಾನರು ಮೆಸಯೀದ್‌ನ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿ ದುಡಿದು, ಈಗ ನಿವೃತ್ತರಾಗಿ, ನನ್ನ ಜೊತೆ ಮಗ ಯಜ್ಞೇಶನ ಫ್ಲ್ಯಾಟಿನಲ್ಲಿ ಇರುವವರು. ಕೆಲಸದಲ್ಲಿದ್ದಾಗ ಸಿಕ್ಕಿದ ರಜೆಯೆಲ್ಲ ಊರಿಗೇ. ಒಂದು ರಜೆ ತಂಗಿಯ ಮದುವೆಗೆ, ಒಂದು ತಮ್ಮನ ಮದುವೆಗೆ, ಒಂದು ಮನೆಗೆ ಹಂಚು ಹೊದೆಸಲಿಕ್ಕೆ, ಇನ್ನೊಂದು ಅದೇ ಹಂಚು ತೆಗೆದು ತಾರಸಿ ಹಾಕಲಿಕ್ಕೆ. ಇವರ ಜೊತೆಗಿದ್ದ ಎಂಜಿನಿಯರ್ ರಫಾಯೆಲ್ ಎಂಬವರು ಕೊರ್ಡೊಬಾದವರು. ಕೆಲಸ ಮುಗಿಸಿ ಹೋಗುವಾಗ ಒಂದು ಬಣ್ಣದ ಪುಸ್ತಿಕೆ ಕೈಯಲ್ಲಿಟ್ಟು, ಒಮ್ಮೆ ನಮ್ಮ ಊರು ನೋಡಲು ಬನ್ನಿ ಅಂದರಂತೆ. ಸಾಹೇಬರು ಬಾಯಿಮಾತಿಗೆ ಅಂದದ್ದೇನೋ! ಇವರು ಅದನ್ನು ಎದೆಯಲ್ಲಿಟ್ಟುಕೊಂಡು, ನಿವೃತ್ತಿಯಾದ ಮೇಲೆ ಫೋನ್ ಹಚ್ಚಿ, ಬರುತ್ತಿದ್ದೇವೆ, ವೀಸಾದ ಕಾಗದ ಕಳಿಸಿ ಅಂದುಬಿಟ್ಟರು.

ನಾನು ಓದಿದ್ದು ಕಡಿಮೆ. ಮೂರನೇ ಕ್ಲಾಸಿನಲ್ಲಿ ಶಾಲೆಗೂ ನನಗೂ ಸಂಬಂಧ ಮುಗಿಯಿತು. ಆದರೆ ಕಿವಿ ಒಳ್ಳೆಯದುಂಟು. ಸಂಜೆ ಚಾ ಕುಡಿಯುತ್ತಾ ಇವರು ಆ ಇಂಗ್ಲಿಷ್ ಪುಸ್ತಿಕೆಯನ್ನು ತುಳುವಿನಲ್ಲಿ ಹೇಳುವುದು, ನಾನು ಸೊಪ್ಪು ಬಿಡಿಸುತ್ತಾ ಕೇಳುವುದು. ಹೀಗೆ ಕೇಳಿ ಕೇಳಿ ಕೊರ್ಡೊಬಾ ನನಗೆ ಬಾಯಿಪಾಠವಾಯಿತು. ಹಿಂದೆ ಅರಬರು ಕಟ್ಟಿದ ಒಂದು ದೊಡ್ಡ ಮಸೀದಿ, ಒಳಗೆ ಕಂಬಗಳ ಕಾಡು, ಕಂಬದ ಮೇಲೆ ಕೆಂಪು ಬಿಳಿ ಪಟ್ಟೆಯ ಕಮಾನು, ಆ ಕಾಡಿನ ನಡುವೆ ಆಮೇಲೆ ಬಂದ ಕ್ರಿಸ್ತಾನ ರಾಜರು ಕಟ್ಟಿಸಿದ ಇಗರ್ಜಿ. ಹೊರಗೆ ಕಿತ್ತಳೆ ಮರಗಳ ಅಂಗಳ, ಗಂಟೆ ಗೋಪುರ. ಕೆಳಗೆ ಹೊಳೆ, ಹೊಳೆಗೆ ರೋಮನರ ಕಾಲದ ಕಲ್ಲಿನ ಸೇತುವೆ, ಬದಿಯಲ್ಲಿ ನೀರೆತ್ತುವ ಹಳೆಯ ಚಕ್ರ. ಬಿಳಿ ಗೋಡೆಯ ತುಂಬ ಹೂಕುಂಡ ನೇತಾಡುವ ಒಂದು ಗಲ್ಲಿ. ಅರಸರ ಅರಮನೆ, ತೋಟ. ಕಣ್ಣು ಮುಚ್ಚಿ ನಡೆಸಿದರೂ ದಾರಿ ತಪ್ಪುತ್ತಿರಲಿಲ್ಲ ಮಾರಾಯರೆ, ಅಷ್ಟು ಪಾಠ.

ಇದಕ್ಕೆಲ್ಲ ನಕ್ಕವರು ಕೆಳಗಿನ ಮಾಳಿಗೆಯ ಕಜೆತಾನ್ ಪೊರ್ಬುಗಳು. ಕೊಂಕಣಿ ಕ್ರಿಸ್ತಾನರನ್ನು ನಮ್ಮ ಕಡೆ ಮರ್ಯಾದೆಗೆ ಪೊರ್ಬುಗಳು ಅನ್ನುವುದು. ಅದೇ ಕಾರ್ಖಾನೆಯಲ್ಲಿ ಇನ್ನೂ ಕೆಲಸದಲ್ಲಿರುವ ಡ್ರಾಫ್ಟ್ಸ್‌ಮನ್. ಅವರ ಮೀಸೆ ದೋಹದ ಕಡಲದಂಡೆ ಕಾರ್ನಿಷ್‌ನ ಹಾಯಿದೋಣಿಯ ಹಾಗೆ ಎರಡೂ ತುದಿ ಎತ್ತಿಕೊಂಡು ನಿಂತಿರುತ್ತದೆ. ಒಂದು ಶುಕ್ರವಾರ ನಮ್ಮ ಮನೆಯಲ್ಲೇ ಕೂತು ಆ ಮೀಸೆ ತಿರುವುತ್ತಾ ಹೇಳಿದರು:

"ದೇಜಪ್ಪಣ್ಣ, ನೀವು ಬಜ್ಪೆ ಬಿಟ್ಟು ಬೇರೆ ಏರ್‌ಪೋರ್ಟಿನಲ್ಲಿ ಇಳಿದವರಲ್ಲ. ವಿಮಾನ ಹತ್ತಿದ ಮೇಲೂ ನಿಮ್ಮ ಕಾಲು ಮಂಗಳೂರಿಗೇ ತಿರುಗುತ್ತದೆ. ಆ ಊರಿನ ಎದುರು ನಿಂತ ಒಂದು ಫೋಟೋ ತಂದು ತೋರಿಸಿ. ಅವತ್ತೇ ಈ ಮೀಸೆ ತೆಗೆಯುತ್ತೇನೆ. ಬರುವ ರಜೆಗೆ ಜುಲಿಯಾನಳನ್ನೂ ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ."

ಪಂಥಕ್ಕೆ ಸಾಕ್ಷಿ ನಮ್ಮ ಪಕೀರಬ್ಬಾಕ. ದೋಹದ ಹಳೆಯ ಪೇಟೆ ಸೂಕ್ ವಾಕಿಫ್‌ನಲ್ಲಿ ಬಟ್ಟೆ ಅಂಗಡಿ ಇಟ್ಟು ಹಳಬರಾದ ಉಳ್ಳಾಲದವರು, ಮಾತಿಗೆ ತಪ್ಪದವರು. "ಫೋಟೋ ಅಂದರೆ ಫೋಟೋ. ಆಮೇಲೆ ಬದಲಾಯಿಸುವ ಹಾಗಿಲ್ಲ," ಎಂದು ಇಬ್ಬರ ಕೈಯನ್ನೂ ಕೂಡಿಸಿದರು.

ಮಾರನೇ ದಿನ ಕರಿಬೇವು ಕೇಳುವ ನೆಪದಲ್ಲಿ ಕಜೆತಾನರ ಹೆಂಡತಿ ಜುಲಿಯಾನಾಬಾಯಿ ಮೇಲೆ ಬಂದಳು. ಕರಿಬೇವು ಕೊಟ್ಟೆ. ಹೋಗಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೇ ಇದ್ದಳು. ಮದುವೆಯಾದಾಗಿನಿಂದ ಅವರೂ ಊರಿನಲ್ಲಿ ಮನೆ ಕಟ್ಟುತ್ತಿದ್ದಾರೆ. ಪ್ರತಿ ರಜೆಗೂ ಒಂದೊಂದು ಕೋಣೆ. ಮನೆಯಲ್ಲಿರುವುದು ಇಬ್ಬರು, ಕೋಣೆ ಮಾತ್ರ ಹಾಸ್ಟೆಲಿನಷ್ಟು!

"ದುಗ್ಗಕ್ಕ, ನಾನು ರಜೆ ಅಂತ ನೋಡಿದ್ದು ಜಲ್ಲಿ, ಮರಳು, ಗಾರೆಯವರ ಚಾ ಗ್ಲಾಸು," ಅಂದಳು. "ಮನೆ ಮುಗಿಯಿತು ಅಂದುಕೊಂಡೆ, ಈಗ ಕಾಂಪೌಂಡ್ ಅನ್ನುತ್ತಿದ್ದಾರೆ. ಅವರು ಆಡಿದ ಮಾತಿಗೆ ತಪ್ಪುವವರಲ್ಲ. ಹೇಗಾದರೂ ಮಾಡಿ ನೀವೇ ಗೆಲ್ಲಬೇಕು."

ನಾನು ಅವಳ ಕೈ ಹಿಡಿದು, ನಾನಿದ್ದೇನಲ್ಲ, ಹೆದರಬೇಡ ಅಂದೆ. ದೇವರೇ, ಆ ಫೋಟೋಗಳಿಗೆಲ್ಲ ನಾನೇ ವಿಘ್ನ ಆಗುತ್ತೇನೆಂದು ನನಗೇನು ಕನಸೇ?

ಇವರಿಗೆ ಫೋಟೋದ ವಿಷಯದಲ್ಲಿ ಒಂದು ಶಾಸ್ತ್ರ ಉಂಟು. ಗಲ್ಫಿಗೆ ಬಂದ ಹೊಸತರಲ್ಲಿ ಒಂದು ಎತ್ತರದ ಕಟ್ಟಡದ ಎದುರು ನಿಂತು ಫೋಟೋ ತೆಗೆಸಿ ತಾಯಿಗೆ ಕಳಿಸಿದ್ದರು. ಅತ್ತೆ ಅದನ್ನು ನೋಡಿ ಕಣ್ಣೀರು ಹಾಕಿ ಉತ್ತರ ಬರೆಸಿದ್ದರು: ಕಟ್ಟಡ ಸಿಕ್ಕಿತು, ಮಗ ಸಿಗಲಿಲ್ಲ, ಹೊಟ್ಟೆಗೆ ಸರಿಯಾಗಿ ತಿನ್ನುತ್ತೀಯೋ ಇಲ್ಲವೋ ಎಂದು ಮುಖ ನೋಡಿ ತಿಳಿಯಬೇಕಿತ್ತು. ಅಂದಿನಿಂದ ಇವರಿಗೆ ಫೋಟೋ ಎಂದರೆ ಮುಖ. ಮನುಷ್ಯನ ಹಿಂದೆ ಏನುಂಟು ಎಂಬುದು ದೇವರ ಚಿಂತೆ.

ದೋಹದಲ್ಲಿ ಕಡಲ ಬದಿಗೆ ಒಂದು ದೊಡ್ಡ ಹೊಸ ಮ್ಯೂಸಿಯಂ ತೆರೆದ ಚಳಿಗಾಲದಲ್ಲೇ ನಾವು ಹೊರಟದ್ದು. ಮ್ಯಾಡ್ರಿಡ್‌ವರೆಗೆ ವಿಮಾನ, ಅಲ್ಲಿಂದ ರೈಲು. ಏನು ಚಳಿ ಅಂತೀರಿ! ಸೀರೆಯ ಮೇಲೆ ಮಗನ ಜಾಕೆಟ್, ಕಿವಿಗೆ ಮಫ್ಲರ್, ಕಾಲಿಗೆ ಸೊಸೆಯ ಓಡುವ ಬೂಟು. ನನ್ನನ್ನು ನೋಡಿ ಕೊರ್ಡೊಬಾದವರು ಕ್ಯಾಮೆರಾ ತೆಗೆದರು. ಪ್ರೇಕ್ಷಣೀಯ ಸ್ಥಳಗಳಲ್ಲಿ ನಾನೂ ಒಂದು ಅಂದುಕೊಂಡರೋ ಏನೋ.

ಕಂಬಗಳ ಕಾಡಿನೊಳಗೆ ಕಾಲಿಟ್ಟಾಗ ಇವರು ಕೈಯಲ್ಲಿದ್ದ ಪುಸ್ತಿಕೆ ಮಡಚಿ ಕಿಸೆಗೆ ಹಾಕಿದರು. ಒಂದರ ಹಿಂದೆ ಒಂದು ಕಮಾನು, ನೋಡಿದಷ್ಟೂ ಮುಗಿಯದು. ನನಗೂ ಯಾಕೋ ಕೈಮುಗಿಯಬೇಕು ಅನಿಸಿತು. ಯಾರ ದೇವರಿಗೆ ಎಂದು ತಿಳಿಯದೆ ಎಲ್ಲ ದಿಕ್ಕಿಗೂ ಒಂದೊಂದು ಮುಗಿದೆ, ಇರಲಿ. ಸ್ವಲ್ಪ ಹೊತ್ತಿಗೆ ಇವರು ಕಣ್ಣು ಒರೆಸಿಕೊಂಡು, ಕ್ಯಾಮೆರಾ ತೆಗೆದು, "ದುಗ್ಗು, ಅಲ್ಲಿ ನಿಲ್ಲು" ಅಂದರು. ನಿಂತೆ. ಮುಖ ಕಾಣುವುದಿಲ್ಲ ಅಂತ ಒಂದು ಹೆಜ್ಜೆ ಮುಂದೆ ಬಂದರು. ಇನ್ನೊಂದು ಹೆಜ್ಜೆ ಬಂದರು. ಕ್ಯಾಮೆರಾ ನನ್ನ ಮೂಗಿಗೆ ತಾಗುವುದೊಂದು ಬಾಕಿ! ಸೇತುವೆಯಲ್ಲೂ ಹಾಗೇ, ಹೂವಿನ ಗಲ್ಲಿಯಲ್ಲೂ ಹಾಗೇ, ಅರಮನೆಯ ತೋಟದಲ್ಲೂ ಹಾಗೇ. ನಾನೂ ಇವರ ಫೋಟೋ ತೆಗೆದದ್ದುಂಟು. ಅದರಲ್ಲಿ ಇವರ ಹೊಟ್ಟೆ ಮಾತ್ರ ಬಂತು. ತಲೆಯೂ ಇಲ್ಲ, ಕೊರ್ಡೊಬಾವೂ ಇಲ್ಲ.

ಕೊನೆಯ ದಿನ ಕಿತ್ತಳೆ ಮರಗಳ ಅಂಗಳಕ್ಕೆ ಬಂದೆವು. ನಾನು ತಲೆಯೆತ್ತಿ ಗೋಪುರ ನೋಡಬೇಕಾದದ್ದು. ಗ್ರಹಚಾರ, ಕಣ್ಣು ನೆಲಕ್ಕೆ ಬಿತ್ತು. ಮರದ ಬುಡದಲ್ಲಿ ಹಣ್ಣು ಚಿನ್ನದ ಉಂಡೆಗಳ ಹಾಗೆ ಬಿದ್ದುಕೊಂಡಿವೆ! ಒಬ್ಬರೂ ಹೆಕ್ಕುವವರಿಲ್ಲ! ಒಂದನ್ನು ಎತ್ತಿ ಸಿಪ್ಪೆಗೆ ಉಗುರು ತಾಗಿಸಿ ಮೂಸಿದೆ. ಅಯ್ಯೋ, ಇದು ತಿನ್ನುವ ಕಿತ್ತಳೆಯೇ ಅಲ್ಲ, ನಮ್ಮ ಹೇರಳೆಕಾಯಿಯ ಒಡಹುಟ್ಟು! ಅದೇ ಘಮ, ಅದೇ ಕಹಿ. ಆಚೆ ಕಡೆ ಒಬ್ಬ ಉದ್ದದ ಪೊರಕೆ ಹಿಡಿದು ಅವನ್ನೆಲ್ಲ ಕಸದ ಡಬ್ಬಿಗೆ ಗುಡಿಸುತ್ತಿದ್ದಾನೆ. ಉಪ್ಪಿನಕಾಯಿಯನ್ನು ಗುಡಿಸುತ್ತಿದ್ದಾನೆ ಮಾರಾಯರೆ! ನೋಡಿಕೊಂಡು ಸುಮ್ಮನಿರಲು ನಾನೇನು ಕಲ್ಲೇ?

ಸೀರೆ ಎತ್ತಿ ಕಟ್ಟಿದೆ. ಸೆರಗು ಚೀಲವಾಯಿತು. ಬಗ್ಗಿದೆ.

"ನೀನು ಕೈಬೀಸಿಕೊಂಡು ಬರುತ್ತೇನೆ ಅಂದವಳಲ್ಲವಾ?" ಅಂದರು ಇವರು.

"ಈಗ ಕೈ ಖಾಲಿ ಇಲ್ಲ, ಆಮೇಲೆ ಬೀಸುತ್ತೇನೆ," ಅಂದೆ.

ಅಷ್ಟರಲ್ಲಿ "ನೋ, ನೋ, ಸೆನ್ಯೋರಾ" ಎನ್ನುತ್ತಾ ಕಾವಲುಗಾರ ಓಡಿ ಬಂದ. ಒಂದು ಹಣ್ಣು ತೋರಿಸಿ, ಕಚ್ಚಿದವನ ಹಾಗೆ ಮಾಡಿ, ಮುಖವನ್ನು ಹಿಂಡಿ ಹಿಪ್ಪೆ ಮಾಡಿ ತೋರಿಸಿದ. ಕಹಿ, ತಿನ್ನಬೇಡಿ ಎನ್ನುತ್ತಿದ್ದಾನೆ ಪಾಪ. ಕಹಿಯೆಂದು ಗೊತ್ತಿದ್ದೇ ಹೆಕ್ಕುವುದು ಮಗಾ, ಅಂತ ತುಳುವಿನಲ್ಲಿ ಹೇಳಿದೆ. ಆಮೇಲೆ ಬರೀ ಕೈಸನ್ನೆಯಲ್ಲೇ ಹಣ್ಣು ಕೊಯ್ದೆ, ಉಪ್ಪು ಹಾಕಿದೆ, ಮೆಣಸು ಅರೆದೆ, ಭರಣಿಯ ಬಾಯಿ ಕಟ್ಟಿದೆ, ಕೊನೆಗೆ ಬೆರಳು ನೆಕ್ಕಿ ತೋರಿಸಿದೆ. ಅವನು ಅತ್ತಿತ್ತ ನೋಡಿದ. ನಕ್ಕ. ಟೋಪಿ ತೆಗೆದು ಬುಟ್ಟಿಯ ಹಾಗೆ ಹಿಡಿದು ನನ್ನ ಪಕ್ಕದಲ್ಲಿ ತಾನೂ ಬಗ್ಗಿದ!

ಹಿಂದಿನಿಂದ ಕ್ಲಿಕ್ ಅಂತ ಕೇಳಿತು. ಹತ್ತಿರ ಬಂದು ತೆಗೆಯುವಂಥ ದೃಶ್ಯ ಅಲ್ಲದ ಕಾರಣ ಇವರು ದೂರದಿಂದಲೇ ತೆಗೆದಿದ್ದರು. ಕ್ಯಾಮೆರಾದ ಕಡೆಗೆ ಇದ್ದದ್ದು ನನ್ನ ಬೆನ್ನು. ಬೆನ್ನು ಅಂತ ಮರ್ಯಾದೆಗೆ ಹೇಳಿದ್ದು.

ರಫಾಯೆಲ್ ಸಾಹೇಬರ ತಾಯಿಯ ಅಡುಗೆಮನೆಯಲ್ಲಿ ಹಣ್ಣು ಹೆಚ್ಚಿ, ಉಪ್ಪು ಬೆರೆಸಿ, ಅವರು ಕೊಟ್ಟ ಗಾಜಿನ ಭರಣಿಗೆ ತುಂಬಿಸಿದೆ. ಆ ಅಜ್ಜಿಗೆ ನನ್ನ ಭಾಷೆ ಇಲ್ಲ, ನನಗೆ ಅವರದ್ದಿಲ್ಲ. ಮಧ್ಯಾಹ್ನದವರೆಗೆ ಮಾತಾಡಿದೆವು. ಭರಣಿಯನ್ನು ಇವರ ಕೋಟಿನಲ್ಲಿ ಸುತ್ತಿ ಸೂಟ್‌ಕೇಸಿನ ನಡುವೆ ಮಲಗಿಸಿದೆ. ದೋಹದಲ್ಲಿ ಬಿಚ್ಚಿದಾಗ ಮುಚ್ಚಳ ಸಡಿಲಾಗಿ, ಮಗನ ಮದುವೆಗೆ ಹೊಲಿಸಿದ ಆ ಕೋಟು ರಸವೆಲ್ಲ ಕುಡಿದು ತಾನೇ ಒಂದು ಉಪ್ಪಿನಕಾಯಿಯ ಹೋಳಾಗಿತ್ತು. ಇವರು ಅದನ್ನು ಮೂಸಿ, "ಇದನ್ನು ಇನ್ನು ಊಟಕ್ಕೆ ಕರೆದರೆ ಮಾತ್ರ ಹಾಕಿಕೊಂಡು ಹೋಗಬೇಕು, ಅನ್ನ ಒಂದಿದ್ದರೆ ಸಾಕು," ಅಂದರು.

ಕೋಟಿನದ್ದು ದೊಡ್ಡ ಸಂಗತಿಯಲ್ಲ. ಲಿಫ್ಟಿನಲ್ಲಿ ನಾನು ಆಡಿದ ಮಾತಿನ ಗತಿ ಏನು? ಸೊಸೆ ಯಶ್ಮಿತಾ ಫೋಟೋಗಳನ್ನು ಸಿಡಿಗೆ ಹಾಕುವಾಗ ಅವಳ ಕಿವಿಯಲ್ಲಿ ಹೇಳಿದೆ, ಆ ಬಗ್ಗಿದ ಫೋಟೋ ಒಂದನ್ನು ಅಳಿಸಿಬಿಡು ಮಗಾ. ಆಯಿತು ಮಾಮಿ ಅಂದಳು. ಭರಣಿಗೆ ಮೆಣಸು ಸಾಸಿವೆ ಸೇರಿ ಪಾಕ ಬಂದ ಮೇಲೆ, ಊರಿನಿಂದ ಬಂದವರು ತಂದುಕೊಟ್ಟದ್ದು ಅಂತ ಎಲ್ಲರಿಗೂ ಹೇಳಿದೆ. ಮರ್ಯಾದೆ ಉಳಿಯಿತು ಅಂದುಕೊಂಡೆ.

ಒಂದು ಶುಕ್ರವಾರ ಪಕೀರಬ್ಬಾಕ ಜುಮಾ ಮುಗಿಸಿ ಬಂದ ಮೇಲೆ ಎಲ್ಲರಿಗೂ ನಮ್ಮಲ್ಲಿ ಊಟ. ಕುಚ್ಚಲಕ್ಕಿ ಅನ್ನ, ತೊವ್ವೆ, ಕೋಳಿ ಸುಕ್ಕ, ಮೂಲೆಯಲ್ಲಿ ಉಪ್ಪಿನಕಾಯಿ. ಊಟದ ನಡುವೆ ಕಜೆತಾನರು ಒಂದು ಮಾತು ಬಿಟ್ಟರು: ನಾಳೆ ಬೆಳಿಗ್ಗೆ ರಜೆಯ ಅರ್ಜಿ ಕೊಡಬೇಕು, ಕಾಂಪೌಂಡಿನ ಕಲ್ಲು ಬಂದು ಬಿದ್ದಿದೆಯಂತೆ. ಜುಲಿಯಾನ ಕಲಸಿದ ಅನ್ನವನ್ನೇ ಮತ್ತೆ ಕಲಸುತ್ತಿದ್ದಳು.

ಊಟವಾಯಿತು. ಟಿವಿ ಹಚ್ಚಿದರು. ಇವರು ಗಂಟಲು ಸರಿಮಾಡಿಕೊಂಡು, ಕೋಲು ಹಿಡಿದು ಎದ್ದು ನಿಂತು, "ಇದು ಆ ಪ್ರಸಿದ್ಧ ಮಸೀದಿಯ ಒಳಗೆ" ಅಂದರು.

ಟಿವಿಯ ತುಂಬ ನನ್ನ ಮುಖ. ಎಡಗಿವಿಯ ಹತ್ತಿರ ಒಂದಿಷ್ಟು ಕೆಂಪು ಬಿಳಿ ಪಟ್ಟೆ.

ಕಜೆತಾನರು ಕನ್ನಡಕ ಏರಿಸಿದರು. "ಮಸೀದಿ ಎಲ್ಲಿ? ಇದು ಶವರ್ಮಾ ಅಂಗಡಿಯ ಚಪ್ಪರ."

ಮುಂದಿನದ್ದು ಹೂವಿನ ಗಲ್ಲಿ. ನನ್ನ ಮುಖ, ಒಂದು ತುಂಡು ಗೋಡೆ. ಇದು ಸೂಕ್ ವಾಕಿಫ್, ನಮ್ಮ ಪಕೀರಬ್ಬಾಕನ ಅಂಗಡಿಯ ಹಿಂಬದಿ ಅಂದರು ಕಜೆತಾನರು. ಪಕೀರಬ್ಬಾಕ ಪ್ರಾಮಾಣಿಕ ಮನುಷ್ಯ, ಅದೇ ತೊಂದರೆ. ಹತ್ತಿರ ಹೋಗಿ ನೋಡಿ, ಗೋಡೆ ಹಾಗೇ ಉಂಟು ಅಂದುಬಿಟ್ಟರು! ಸೇತುವೆಯ ಫೋಟೋದಲ್ಲಿ ನನ್ನ ಭುಜದ ಆಚೆ ನೀರು ಕಂಡಿತು. ಅದು ಕಾರ್ನಿಷ್ ಆಯಿತು. ಅರಮನೆಯ ತೋಟ ಮುಂತಜಾದ ಪಾರ್ಕ್ ಆಯಿತು. ಜಾಕೆಟ್ ನೋಡಿ ಮಾರಾಯರೆ, ಇಲ್ಲಿ ಅಂಥ ಚಳಿ ಉಂಟಾ ಅಂತ ಇವರು ಕೂಗಿದರೆ, ಇಲ್ಲಿನ ಸಿಟಿ ಸೆಂಟರ್ ಮಾಲಿನೊಳಗೆ ಮಂಜಿನ ಮೇಲೆ ಜಾರುವ ಮಕ್ಕಳೆಲ್ಲ ಜಾಕೆಟ್ ಹಾಕುತ್ತಾರೆ ಎಂಬ ಉತ್ತರ ಬಂತು. ಸ್ಪೇನಿನವರೆಗೆ ಹೋಗಿ ಅರಬರು ಕಟ್ಟಿದ್ದನ್ನೇ ನೋಡಿ ಬಂದ ತಪ್ಪಿಗೆ, ಒಂದೊಂದು ಫೋಟೋವೂ ಹಾರಿ ಬಂದು ದೋಹದಲ್ಲೇ ಇಳಿಯಿತು!

"ಪಾಸ್‌ಪೋರ್ಟ್ ತರುತ್ತೇನೆ, ಸೀಲ್ ನೋಡಿ," ಅಂದರು ಇವರು. ಕೋಲು ಕೆಳಗಿಟ್ಟು ಕಪಾಟಿನ ಕಡೆ ಹೊರಟೇಬಿಟ್ಟರು.

"ನೀವು ಹೋದದ್ದು ನನಗೆ ಗೊತ್ತಿಲ್ಲವಾ ದೇಜಪ್ಪಣ್ಣ? ಆದರೆ ಪಂಥ ಸೀಲಿನದ್ದಲ್ಲ. ಫೋಟೋದ್ದು. ಊರು ಕಾಣಬೇಕು." ಕಜೆತಾನರು ಸಾಕ್ಷಿಯ ಕಡೆ ತಿರುಗಿದರು. ಪಕೀರಬ್ಬಾಕ ತಲೆ ತಗ್ಗಿಸಿ, ಮಾತು ಆದದ್ದು ಹಾಗೇ ಅಂದರು.

ಸಿಡಿ ಮುಗಿಯಿತು. ಜುಲಿಯಾನ ಎದ್ದು ತಟ್ಟೆ ಒಟ್ಟು ಮಾಡತೊಡಗಿದಳು. ಅವಳು ನನ್ನ ಕಡೆ ನೋಡಲೇ ಇಲ್ಲ. ನೋಡಿದ್ದರೆ ಬೇರೆ, ಬೈದಿದ್ದರೆ ಇನ್ನೂ ಸುಲಭ. ಆ ತಟ್ಟೆಗಳ ಸದ್ದು ಮಾತ್ರ ನನ್ನಿಂದ ತಡೆಯಲಾಗಲಿಲ್ಲ. ನಾನಿದ್ದೇನಲ್ಲ ಅಂದವಳು ನಾನೇ ಅಲ್ಲವಾ?

"ಯಶ್ಮಿತಾ," ಅಂದೆ, "ಆ ಒಂದು ಫೋಟೋ... ಅಳಿಸಿದ್ದೀಯಲ್ಲ?"

"ಅಂಥ ಫೋಟೋ ಯಾರಾದರೂ ಅಳಿಸುತ್ತಾರಾ ಮಾಮಿ? ನನ್ನ ಆಫೀಸಿನ ಕಂಪ್ಯೂಟರ್ ತೆರೆದರೆ ಮೊದಲು ಕಾಣುವುದೇ ಅದು."

ಅಂದರೆ ಇಡೀ ಆಫೀಸಿಗೆ ನನ್ನ ದರ್ಶನ ಆಗಲೇ ಆಗಿದೆ! ಇನ್ನು ಉಳಿದದ್ದೇನು? ತೋರಿಸು ಅಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಒಂದು ಕಣ್ಣು ಮಾತ್ರ ಹೊರಗಿಟ್ಟೆ.

ಯಶ್ಮಿತಾ ಕ್ಯಾಮೆರಾವನ್ನೇ ತಂದು ಟಿವಿಗೆ ಸಿಕ್ಕಿಸಿದಳು. ಬಂತು ನೋಡಿ. ಮೇಲೆ ನೀಲಿ ಆಕಾಶ. ಆಕಾಶಕ್ಕೆ ತಾಗಿದ ಗಂಟೆ ಗೋಪುರ, ಬುಡದಿಂದ ತುದಿಯ ದೇವದೂತನ ಮೂರ್ತಿಯವರೆಗೂ. ಕಮಾನಿನ ಸಾಲು, ಕಲ್ಲು ಹಾಸಿದ ಅಂಗಳ, ತುಂಬಿ ತೂಗುವ ಕಿತ್ತಳೆ ಮರ. ಕೊರ್ಡೊಬಾ ಕೊರ್ಡೊಬಾದ ಹಾಗೇ ನಿಂತಿತ್ತು. ಕೆಳಗೆ, ಅಷ್ಟೂ ವೈಭವಕ್ಕೆ ಅಡಿಪಾಯ ಹಾಕಿದ ಹಾಗೆ, ಓಡುವ ಬೂಟಿನ ಮೇಲೆ ನನ್ನ ಬೆನ್ನು. ಪಕ್ಕದಲ್ಲಿ ಟೋಪಿ ತುಂಬ ಹಣ್ಣು ಹಿಡಿದು ಬಗ್ಗಿದ ಕಾವಲುಗಾರ.

ಮೊದಲು ಜುಲಿಯಾನಳ ಕೈಯ ತಟ್ಟೆಗಳು ಕುಲುಕಿದವು. ಆಮೇಲೆ ಅವಳೇ ಕುಲುಕಿದಳು. ಆಮೇಲೆ ಇಡೀ ಮನೆ!

ಪಕೀರಬ್ಬಾಕ ಕಣ್ಣು ಒರೆಸಿಕೊಂಡು ತೀರ್ಪು ಕೊಟ್ಟರು. "ಖಲಾಸ್. ಪೊರ್ಬುಗಳೇ, ಸೋತಿರಿ. ಇದು ದೋಹ ಅಲ್ಲ. ಊರು ಪೂರ್ತಿ ಕಾಣುತ್ತದೆ, ದುಗ್ಗಕ್ಕ ಮಾತ್ರ ಅರ್ಧ."

ಕಜೆತಾನರು ಟಿವಿ ನೋಡಿದರು, ತಮ್ಮ ತಟ್ಟೆಯ ಅಂಚು ನೋಡಿದರು, ಅಲ್ಲಿ ಉಳಿದಿದ್ದ ಉಪ್ಪಿನಕಾಯಿಯ ಹೋಳನ್ನು ಎತ್ತಿ ನೋಡಿದರು. "ಊರಿನಿಂದ ಬಂದದ್ದು ಅಂದಿರಲ್ಲ ದುಗ್ಗಕ್ಕ? ಊರೇನೋ ಹೌದು. ಯಾವ ಊರು ಅಂತ ಕೇಳದೆ ಇದ್ದದ್ದು ನನ್ನ ತಪ್ಪು."

ನಾನು ಆ ಒಂದು ಕಣ್ಣನ್ನೂ ಮುಚ್ಚಿಕೊಂಡೆ. ಆದರೂ ಕಿವಿ ತೆರೆದೇ ಇತ್ತಲ್ಲ. ನಗು ಇಳಿದ ಮೇಲೆ ಕಜೆತಾನರು ಮೀಸೆಯನ್ನು ಒಮ್ಮೆ ಸವರಿಕೊಂಡು ಹೆಂಡತಿಯ ಹತ್ತಿರ ಮೆಲ್ಲಗೆ ಕೇಳಿದ್ದು ಕೇಳಿಸಿತು: "ಅಲ್ಲಿ ಚಳಿಯಂತೆ. ನಿನಗೆ ಕೋಟು ಉಂಟಾ?"

ಅವಳು ತಟ್ಟೆಗಳನ್ನು ಕೆಳಗಿಟ್ಟಳು. "ದುಗ್ಗಕ್ಕನ ಜಾಕೆಟ್ ಉಂಟಲ್ಲ," ಅಂದಳು.

ಮಾರನೇ ದಿನ ಮೆಸಯೀದ್‌ನ ಬಸ್ಸಿನಲ್ಲಿ ಮೀಸೆಯಿಲ್ಲದ ಕಜೆತಾನರನ್ನು ಕಂಡು ಡ್ರೈವರ್ ಹೊಸಬರೆಂದು ಗುರುತಿನ ಚೀಟಿ ಕೇಳಿದನಂತೆ. ಕಾಂಪೌಂಡಿನ ಕಲ್ಲು ಮಳೆಯಲ್ಲಿ ನೆನೆಯುತ್ತಾ ಬಿದ್ದಿರಲಿ, ಕಲ್ಲಿಗೇನು ಶೀತವಾಗುತ್ತದೆಯೇ! ರಜೆಗೆ ಇಬ್ಬರೂ ಹೊರಟರು. ಆ ಕಾವಲುಗಾರನಿಗೆ ಕೊಡಲು ನಾನು ಒಂದು ಸಣ್ಣ ಬಾಟಲಿ ಉಪ್ಪಿನಕಾಯಿ ಕಟ್ಟಿಕೊಟ್ಟೆ. ಅವರ ಹಣ್ಣು, ನಮ್ಮ ಮೆಣಸು. ಗುರುತಿಗೆ ಇರಲಿ ಎಂದು ನನ್ನ ಒಳ್ಳೊಳ್ಳೆಯ ಫೋಟೋಗಳನ್ನೂ ಪ್ರಿಂಟ್ ಮಾಡಿಸಿ ಕಳಿಸಿದೆ. ನನ್ನನ್ನು ಕೇಳದೆಯೇ ಯಶ್ಮಿತಾ ಆ ಬಗ್ಗಿದ ಫೋಟೋವನ್ನೂ ಸೇರಿಸಿದಳು.

ಅವರು ಮರಳಿದ ಮೇಲೆ ಮತ್ತೆ ನಮ್ಮಲ್ಲೇ ಊಟ, ಮತ್ತೆ ಟಿವಿ. ಕಜೆತಾನರು ನಕ್ಷೆ ಬಿಡಿಸುವವರು. ಗೋಪುರ, ಸೇತುವೆ, ಅರಮನೆ ಎಲ್ಲ ಗೆರೆ ಎಳೆದ ಹಾಗೆ ನೆಟ್ಟಗೆ ಬಂದಿದ್ದವು. ಜುಲಿಯಾನ ಎಲ್ಲಿ ಅಂತ ಇವರು ಕೇಳಿದರೆ, ಸೇತುವೆಯ ತುದಿಯಲ್ಲಿದ್ದ ಒಂದು ಚುಕ್ಕಿ ತೋರಿಸಿದರು. ಆ ಚುಕ್ಕಿಯೂ ನಗುತ್ತಿತ್ತು ಅಂತ ನನಗೆ ಕಂಡಿತು.

ಕಾವಲುಗಾರ ಸಿಕ್ಕಿದನಾ ಅಂತ ಕೇಳಿದೆ. ಸಿಕ್ಕಿದ್ದ. ನನ್ನ ಮುಖದ ಫೋಟೋಗಳನ್ನು ಜುಲಿಯಾನ ಒಂದೊಂದಾಗಿ ತೋರಿಸಿದಳಂತೆ. ಪ್ರತಿಯೊಂದಕ್ಕೂ ತಲೆ ಅಲ್ಲಾಡಿಸಿದನಂತೆ, ಗೊತ್ತಿಲ್ಲ, ಗೊತ್ತಿಲ್ಲ. ಕೊನೆಗೆ ಆ ಫೋಟೋ ತೆಗೆದಳು.

"ನೋಡಿದ ಕೂಡಲೇ 'ಆಹಾ, ಸೆನ್ಯೋರಾ' ಅಂತ ಎದೆಯ ಮೇಲೆ ಕೈ ಇಟ್ಟ ದುಗ್ಗಕ್ಕ," ಅಂದಳು ಜುಲಿಯಾನ. "ಒಂದು ಹೋಳು ತಿಂದು ನೀರಿಗೆ ಓಡಿದ. ನೀರು ಕುಡಿದು ಬಂದು ಬಾಟಲಿ ತೆಗೆದುಕೊಂಡ."

ನಾನು ಇವರ ಕಡೆ ತಿರುಗಿದೆ. ಇವರ ಕೈಯಲ್ಲಿ ಆಗಲೇ ಗ್ರನಾಡಾ ಎಂಬ ಇನ್ನೊಂದು ಊರಿನ ಪುಸ್ತಿಕೆ ಇತ್ತು. ಬರುವ ವರ್ಷಕ್ಕೆಂದು ರಫಾಯೆಲ್ ಸಾಹೇಬರೇ ಕಳಿಸಿದ್ದು. ಜೀವಮಾನವಿಡೀ ಫೋಟೋ ಅಂದರೆ ಮುಖ ಅಂದವರು ಈಗ ಏನನ್ನುತ್ತಾರೆ ಅಂತ ಕಾದೆ. ಇವರು ಪುಸ್ತಿಕೆಯಿಂದ ತಲೆ ಎತ್ತಿ, ಬಹಳ ಗಂಭೀರವಾಗಿ ಹೇಳಿದರು:

"ನಿನ್ನ ಪಾಸ್‌ಪೋರ್ಟ್ ಹೊಸತು ಮಾಡಿಸಲಿಕ್ಕುಂಟು ದುಗ್ಗು. ಈ ಸಲ ಅದೇ ಫೋಟೋ ಅಂಟಿಸುವ. ಸ್ಪೇನಿನವರಿಗೆ ಗುರುತು ಹಿಡಿಯಲು ಸುಲಭ."